ಇಪ್ಪತ್ತೈದರ ಮೂಗುದಾರ

ಶಾಂತಲಾಳ ಬಲಗೈಗೆ ಒಂದು ಅಭ್ಯಾಸ ಬಿದ್ದುಹೋಗಿತ್ತು. ಮೋಟಾರು ಹಾಕಿದ ಸೈಕಲ್ಲಿನ ಹಿಡಿಯನ್ನು ತಿರುವಿದರೆ ಪೂರ್ತಿ ತಿರುವುವುದು. ಕಾಲು, ಅರ್ಧ, ಮುಕ್ಕಾಲು ಎಂಬ ಗೊಡವೆಯೇ ಇಲ್ಲ. ಒಲೆಯ ಉರಿಯನ್ನು ಕಣ್ಣಳತೆಯಲ್ಲೇ ಏರಿಸಿ ಇಳಿಸುವ ಕೈ, ಉಪ್ಪನ್ನು ಬೆರಳ ತುದಿಯಲ್ಲೇ ತೂಗುವ ಕೈ ಸೈಕಲ್ ಹತ್ತಿದ ಕೂಡಲೇ ಸೋಮಾರಿಯಾಗುತ್ತಿತ್ತು. ಎಷ್ಟೇ ತಿರುವಿದರೂ ಆ ಗಾಡಿ ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟುತ್ತಿರಲಿಲ್ಲವಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಕತ್ತಲಾದ ಮೇಲೂ ಪಾತ್ರೆ ತೊಳೆಯುತ್ತಿದ್ದವಳಿಗೆ ಇಡೀ ದಿನದಲ್ಲಿ ದೊರೆಯುತ್ತಿದ್ದ ಸೋಮಾರಿತನ ಅದೊಂದೇ.

ಬೆಟ್ಟದಪುರದಿಂದ ಪಡುವಣಕ್ಕೆ ಒಂದೂವರೆ ಹರದಾರಿ ಹೋದರೆ ಮಾವಿನಕೊಪ್ಪಲು. ಊರು ದಿಣ್ಣೆಯ ಮೇಲಿದೆ. ಊರಿನಿಂದ ಹೊರಟರೆ ಮೊದಲು ಇಳಿಜಾರು, ಆಮೇಲೆ ಉದ್ದಕ್ಕೆ ಕೆರೆ ಏರಿ, ಏರಿ ಮುಗಿದಲ್ಲಿ ತೂಬಿನ ಬಳಿ ಒಂದು ತಿರುವು, ಅಲ್ಲಿಂದ ಪೇಟೆಯವರೆಗೂ ಮಟ್ಟಸ ರಸ್ತೆ. ಎರಡು ಸಾವಿರದ ಎಂಟನೇ ಇಸವಿಯಲ್ಲಿ ಶಾಂತಲಾ ಈ ದಾರಿಯಲ್ಲಿ ದಿನಾ ಬೆಳಿಗ್ಗೆ ಇಡ್ಲಿ ಸಾಗಿಸುತ್ತಿದ್ದಳು. ಕ್ಯಾರಿಯರಿನ ಮೇಲೆ ಇಡ್ಲಿಯ ದೊಡ್ಡ ಡಬರಿ. ಬಲಕ್ಕೆ ಕಬ್ಬಿಣದ ಬಳೆಯೊಳಗೆ ಕೂರಿಸಿದ ಸಾಂಬಾರಿನ ಕ್ಯಾನು. ಎಡಕ್ಕೆ ಚಟ್ನಿಯ ಪಾತ್ರೆ, ತಟ್ಟೆಗಳ ಚೀಲ. ಬೆಟ್ಟದಪುರದ ಬಸ್ಸು ನಿಲ್ಲುವ ಜಾಗದಲ್ಲಿ, ಅರಳಿಮರದ ಕೆಳಗೆ ಒಂದು ಬೆಂಚು, ಒಂದು ಮೇಜು. ಪಿರಿಯಾಪಟ್ಟಣಕ್ಕೆ ಹೋಗುವ ಮೊದಲ ಬಸ್ಸುಗಳ ಡ್ರೈವರು, ಕಂಡಕ್ಟರು, ಹೊಗೆಸೊಪ್ಪಿನ ಕೆಲಸಕ್ಕೆ ಬರುವ ಆಳುಗಳು, ಬೆಟ್ಟ ಹತ್ತಲು ಬಂದವರು ಎಲ್ಲರೂ ಅವಳ ಗಿರಾಕಿಗಳೇ. ಮನೆಯಲ್ಲಿ ಹತ್ತು ವರ್ಷ ಇಡ್ಲಿ ಬೇಯಿಸಿದ್ದರೂ ಉಪ್ಪು ಹೆಚ್ಚಾದ ದಿನ ಮಾತ್ರ ಮಾತು ಬಂದಿತ್ತು. ಅರಳಿಮರದ ಕೆಳಗೆ ಬಂದವರು ತಿಂದು ಕೈ ತೊಳೆದು, "ಶಾಂತಕ್ಕ, ಚೆನ್ನಾಗಿತ್ತು" ಎಂದು ಹೇಳಿ ಹೋಗುತ್ತಿದ್ದರು. ಮೊದಲ ಸಲ ಆ ಮಾತು ಕೇಳಿದಾಗ ಅವಳು ಹಿಂದೆ ಇನ್ನೊಬ್ಬ ಶಾಂತಕ್ಕ ನಿಂತಿದ್ದಾಳೇನೋ ಎಂಬಂತೆ ತಿರುಗಿ ನೋಡಿದ್ದಳಂತೆ.

ಸೈಕಲ್ಲಿಗೆ ಮೋಟಾರು ಹಾಕಿದ್ದು ಗಂಡ ಮಾದೇಶ. ಬೆಟ್ಟದಪುರದಲ್ಲಿ ಅವನದು ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ. ಮೈಸೂರಿನಲ್ಲಿ ಯಾರೋ ಮಾಮೂಲು ಸೈಕಲ್ಲುಗಳಿಗೆ ಮೋಟಾರು ಹಾಕಿ ಮಾರುತ್ತಿದ್ದಾರೆಂದು ಕೇಳಿ, ಹೋಗಿ ನೋಡಿ, ಒಂದು ಜೊತೆ ಸಾಮಾನು ತಂದಿದ್ದ. ಹೆಂಡತಿಯ ಕಷ್ಟ ನೋಡಲಾರದೆ ತಂದದ್ದು ಅರ್ಧ ನಿಜ. ಅವಳ ಸೈಕಲ್ಲನ್ನು ನೋಡಿ ನಾಲ್ಕು ಜನ ತಮ್ಮದಕ್ಕೂ ಹಾಕಿಸಿಕೊಳ್ಳಲಿ ಎಂದು ತಂದದ್ದು ಇನ್ನರ್ಧ.

ಜೋಡಿಸುವ ದಿನ ಶಾಂತಲಾ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಿಂದಿನ ಗಾಲಿಯ ನಡುವೆಯೇ ತಟ್ಟೆಯಂಥ ಮೋಟಾರು, ಚೌಕಟ್ಟಿನಲ್ಲಿ ಬ್ಯಾಟರಿಗಳ ಪೆಟ್ಟಿಗೆ, ಸೀಟಿನ ಕೆಳಗೆ ಅಂಗೈಯಗಲದ ಒಂದು ಡಬ್ಬಿ. ಡಬ್ಬಿಯಿಂದ ಬಣ್ಣಬಣ್ಣದ ತಂತಿಗಳು ಈಚೆ ಬಿದ್ದಿದ್ದವು.

"ಇದೇ ನೋಡೆ ಇದರ ತಲೆ," ಎಂದ ಮಾದೇಶ. "ಗಾಲಿ ಎಷ್ಟು ಜೋರಾಗಿ ತಿರುಗ್ತದೆ ಅಂತ ಒಳಗಿಂದ ಇದಕ್ಕೆ ಸುದ್ದಿ ಬತ್ತಾ ಇರ್ತದೆ. ಇಪ್ಪತ್ತೈದು ಮುಟ್ತು ಅಂದ್ರೆ ಮೋಟಾರಿಗೆ ಕರೆಂಟ್ ಕೊಡೋದ ಕಮ್ಮಿ ಮಾಡ್ತದೆ. ಆಮೇಲೆ ನೀನೆಷ್ಟಾದ್ರೂ ತಿರುವು, ಕ್ಯಾರೇ ಅನ್ನಲ್ಲ."

"ಇದ್ಯಾವುದು ಬಿಳೀದು?"

"ಅದೇ ಮೂಗುದಾರ. ಈ ಎರಡು ತುದಿ ಒಂದಕ್ಕೊಂದು ಸಿಗಿಸಿದ್ರೆ ಇಪ್ಪತ್ತೈದು. ಬಿಚ್ಚಿದ್ರೆ ಮೋಟಾರಿನ ತಾಕತ್ತು ಎಷ್ಟೋ ಅಷ್ಟು. ನಲವತ್ತರ ಹತ್ರಕ್ಕೆ ವೋಯ್ತದೆ."

"ಬಿಚ್ಚಬೇಡಿ ಮತ್ತೆ."

"ನಂಗೇನು ಹುಚ್ಚಾ? ಇಪ್ಪತ್ತೈದರೊಳಗೆ ಇದ್ರೆ ಲೈಸೆನ್ಸ್ ಬೇಡ, ನಂಬರ್ ಬೋರ್ಡ್ ಬೇಡ, ಪೊಲೀಸ್ನೋರು ಕೇಳಂಗಿಲ್ಲ. ಬಿಚ್ಚಿದ್ರೆ ಅದು ಬೈಕು ಕಣೆ. ಬ್ರೇಕು ಮಾತ್ರ ಸೈಕಲ್ದು." ತನ್ನ ಮಾತಿಗೆ ತಾನೇ ನಕ್ಕಿದ್ದ.

ಮೋಟಾರು ಬಂದ ಮೇಲೆ ಹೋಗಿಬರುವ ದಾರಿಯಲ್ಲಿ ಮುಕ್ಕಾಲು ಗಂಟೆಯಷ್ಟು ಹೊತ್ತು ಉಳಿಯಿತು. ಉಳಿದ ಹೊತ್ತನ್ನು ಶಾಂತಲಾ ಏನು ಮಾಡಬೇಕೆಂದು ಯೋಚಿಸುವಷ್ಟರಲ್ಲಿ ಅದು ಖರ್ಚಾಗಿಹೋಗಿತ್ತು. ಅತ್ತೆ ಮಾಯಮ್ಮ ಮೊದಲು ಕೊಟ್ಟಿಗೆಯ ಸಗಣಿ ಬಾಚುವುದನ್ನು ಅವಳ ಪಾಲಿಗೆ ಬಿಟ್ಟರು. ಆಮೇಲೆ ನೀರು ತರುವುದನ್ನು ಬಿಟ್ಟರು. ಬಿಟ್ಟರು ಎಂದರೆ ಬಾಯಿಬಿಟ್ಟು ಹೇಳಿದ್ದಲ್ಲ. ಒಂದು ದಿನ ಮೊಣಕಾಲು ಹಿಡಿದುಕೊಂಡು ಜಗುಲಿಯ ಮೇಲೆ ಕೂತರು, ಮಾರನೆಯ ದಿನವೂ ಕೂತರು, ಮೂರನೆಯ ದಿನ ಆ ಕೆಲಸ ಸೊಸೆಯದಾಗಿತ್ತು. ಮಾಯಮ್ಮನ ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು. ಆ ಮನೆಯಲ್ಲಿ ಯಾರ ಮಾತೂ ಪೂರ್ತಿ ಸುಳ್ಳಾಗಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಆಷಾಢದಲ್ಲಿ ಹೊಗೆಸೊಪ್ಪು ಮುರಿಯಲು ಶುರುವಾಯಿತು. ಆ ಸೀಮೆಯಲ್ಲಿ ಸೊಪ್ಪಿನ ಕಾಲವೆಂದರೆ ಮುಯ್ಯಾಳಿನ ಕಾಲ. ಬೆಳಿಗ್ಗೆ ಮುರಿದ ಸೊಪ್ಪನ್ನು ಅಂದೇ ಕಡ್ಡಿಗೆ ಪೋಣಿಸಿ ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್ನಿಗೆ ಏರಿಸಬೇಕು. ಗುಡ್ಡೆಯಲ್ಲೇ ಬಿಟ್ಟರೆ ಕಾವು ಹಿಡಿದು ಕೆಡುತ್ತದೆ. ಒಂದು ಮನೆಯ ಹೆಂಗಸರಿಂದ ಆಗುವ ಕೆಲಸವಲ್ಲ. ಇಂದು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಕೂಲಿಯಿಲ್ಲ, ಆಳಿಗೆ ಆಳು ತೀರಿಸಬೇಕು. ಮುಯ್ಯಿ ತೀರಿಸದೆ ಇಟ್ಟುಕೊಂಡವರ ಮನೆಗೆ ಮುಂದಿನ ವರ್ಷ ಯಾರೂ ಬರುವುದಿಲ್ಲ. ಯಾವ ಮನೆಗೆ ಯಾವ ದಿನ ಯಾರು ಎಂದು ಮಾತು ಕೊಡುವವರು ಮನೆಯ ಹಿರಿಯ ಹೆಂಗಸು. ಹೋಗಿ ಕೂರುವವಳು ಸೊಸೆ.

ದಿಣ್ಣೆಯ ಮೇಲೆ, ರಸ್ತೆಗೆ ಅಂಟಿಕೊಂಡೇ ಇದ್ದ ಚಿಕ್ಕಣ್ಣನ ಮನೆಯವರು ಹಿಂದಿನ ವಾರ ಮಾಯಮ್ಮನ ಸೊಪ್ಪಿಗೆ ಬಂದು ದುಡಿದಿದ್ದರು. ತೀರಿಸುವ ಸರದಿ ಈಗ ಇವರದು. ಚಿಕ್ಕಣ್ಣನ ಹೆಂಡತಿ ಸುನಂದಮ್ಮ ಕೇಳಲು ಬಂದಾಗ ಶಾಂತಲಾ ಒಳಗೆ ಅಕ್ಕಿ ನೆನೆಹಾಕುತ್ತಿದ್ದಳು.

"ಒಂಬತ್ತಕ್ಕೆ ಬಂದು ಕೂತ್ಕೊತಾಳೆ ಬುಡು," ಎಂದರು ಮಾಯಮ್ಮ.

"ಅವಳು ಇಡ್ಲಿ ಮುಗಿಸ್ಕೊಂಡು ಬರೋದು ಒಂಬತ್ತೂವರೆ ದಾಟ್ತದಲ್ಲ ಮಾಯಕ್ಕ?"

"ಅವಳ ಗಂಡ ಮೋಟಾರು ಹಾಕ್ಕೊಟ್ಟಿರೋದು ಯಾಕೆ, ಪೂಜೆ ಮಾಡೋಕಾ? ಒಂಬತ್ತಕ್ಕೆ ನಿನ್ ಚಪ್ಪರದಲ್ಲಿ ಇರ್ತಾಳೆ. ನಾನು ಮಾತು ಕೊಟ್ಟಿವ್ನಿ."

ಸುನಂದಮ್ಮ ಹೋದ ಮೇಲೆ ಶಾಂತಲಾ ಕೈ ಒರೆಸಿಕೊಂಡು ಈಚೆ ಬಂದಳು. "ಆಗಾಕಿಲ್ಲ ಅತ್ತೆ. ಕೊನೇ ಬಸ್ಸು ಹೋಗೋದೇ ಒಂಬತ್ತಕ್ಕೆ ಹತ್ತು ನಿಮಿಷ ಇರೋವಾಗ."

"ಆಗಿಸ್ಕೊ. ಆಗ್ದಿದ್ರೆ ಇಡ್ಲಿ ಬುಟ್ಬುಡು. ಬಸ್ನೋರಿಗೆ ಬೇಯಿಸಿ ಹಾಕಾಕೆ ಒತ್ತಿರ್ತದೆ, ಮನೆ ಮರ್ಯಾದಿ ಉಳಿಸೋಕೆ ಒತ್ತಿಲ್ವಾ?"

ಮಾದೇಶ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನ ಮನಸ್ಸಿನಲ್ಲಿ ಬೇರೊಂದು ಮುಳ್ಳಿತ್ತು. ಅಂಗಡಿಗೆ ಬರುವ ಹುಡುಗರು ಆ ಗಾಡಿಯನ್ನು ನೋಡಿ, "ಮಾದೇಶಣ್ಣ, ಇದನ್ನ ನಮ್ಮಜ್ಜಿ ನಡ್ಕೊಂಡೇ ಹಿಂದಾಕ್ತಾಳೆ ಕಣಣ್ಣ," ಎಂದು ಆಡಿಕೊಳ್ಳುತ್ತಿದ್ದರು. ಇಷ್ಟು ತಿಂಗಳಾದರೂ ಒಬ್ಬನೇ ಒಬ್ಬ ತನ್ನ ಸೈಕಲ್ಲಿಗೆ ಮೋಟಾರು ಹಾಕಿಸಲು ಮುಂದೆ ಬಂದಿರಲಿಲ್ಲ. ಈಗ ತಾಯಿಯ ಮಾತೂ ಸೇರಿತು. ಎರಡಕ್ಕೂ ಮದ್ದು ಸೀಟಿನ ಕೆಳಗೇ ಇದೆಯಲ್ಲ ಎಂದುಕೊಂಡ. ಶಾಂತಲಾ ಮಗಳು ಕಾವ್ಯಶ್ರೀಯ ತಲೆ ಬಾಚುತ್ತಿದ್ದಾಗ ಹೊರಗೆ ಹೋಗಿ ಬಿಳಿ ತಂತಿಯ ಎರಡು ತುದಿಗಳನ್ನು ಬೇರೆ ಮಾಡಿಟ್ಟ. ಅವಳಿಗೆ ಹೇಳಲಿಲ್ಲ. ಹೇಳಿದರೆ ಹೆದರಿಕೊಳ್ಳುತ್ತಾಳೆ, ಹೇಳದಿದ್ದರೆ ಬೇಗ ಬಂದು ಖುಷಿಪಡುತ್ತಾಳೆ ಎಂಬುದು ಅವನ ಎಣಿಕೆ.

ಮಾರನೆಯ ಬೆಳಿಗ್ಗೆ ಸೋನೆ ಬಿದ್ದು ನಿಂತಿತ್ತು. ಶಾಂತಲಾ ಎಂದಿನಂತೆ ಇಳಿಜಾರಿನಲ್ಲಿ ಮೋಟಾರು ಮುಟ್ಟದೆ, ಬ್ರೇಕು ಒತ್ತಿಕೊಂಡೇ ಇಳಿದಳು. ಇಳಿಜಾರಿನಲ್ಲಿ ಆ ಡಬ್ಬಿಯ ಮಾತು ನಡೆಯುವುದಿಲ್ಲವೆಂದು ಅವಳಿಗೆ ಮೊದಲ ವಾರದಲ್ಲೇ ತಿಳಿದಿತ್ತು. ಡಬ್ಬಿ ಕರೆಂಟು ನಿಲ್ಲಿಸಬಲ್ಲದು, ಇಳಿಜಾರನ್ನು ನಿಲ್ಲಿಸಲಾರದು. ಕೆರೆ ಏರಿ ಬಂದಿತು. ಅವಳ ದಿನದ ಸೋಮಾರಿ ಗಳಿಗೆ ಅದು. ಎಡಕ್ಕೆ ತುಂಬಿದ ಕೆರೆ, ಬಲಕ್ಕೆ ಕೆಳಗೆ ಗದ್ದೆ. ಬೆನ್ನು ಸಡಿಲ ಬಿಟ್ಟು ಹಿಡಿಯನ್ನು ಪೂರ್ತಿ ತಿರುವಿದಳು.

ಮೋಟಾರಿನ ಸದ್ದು ಅವಳಿಗೆ ಬಾಯಿಪಾಠ. ಮೊದಲು ಗುಂಯ್ ಎಂದು ಏರುತ್ತದೆ, ಇಪ್ಪತ್ತೈದು ಬಂದಾಗ ಯಾರೋ ಉಸಿರು ಹಿಡಿದಂತೆ ಸದ್ದು ತಗ್ಗುತ್ತದೆ, ಆಮೇಲೆ ಅದೇ ಸಮದಲ್ಲಿ ಸಾಗುತ್ತದೆ. ಅವತ್ತು ತಗ್ಗಲಿಲ್ಲ. ಏರಿತು, ಇನ್ನೂ ಏರಿತು. ಸೆರಗು ಪಟಪಟನೆ ಬಡಿಯತೊಡಗಿತು. ಏನೋ ಕೆಟ್ಟಿದೆ ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಅರ್ಧ ಏರಿ ಹಿಂದೆ ಹೋಗಿತ್ತು. ತೂಬಿನ ತಿರುವಿನಿಂದ ಬ್ಯಾರನ್ನಿನ ಸೌದೆ ಹೇರಿದ ಟ್ರ್ಯಾಕ್ಟರೊಂದು ಏರಿಯ ಮೇಲಕ್ಕೆ ಮೂತಿ ಹಾಕಿತು.

ಬ್ರೇಕು ಒತ್ತಿದಳು. ಒದ್ದೆ ಗಾಲಿಯ ಮೇಲೆ ರಬ್ಬರು ಜಾರಿತು. ಇನ್ನೂ ಬಿಗಿಯಾಗಿ ಒತ್ತಿದಳು. ಬ್ರೇಕಿಗೆಂದು ಬಿಗಿದ ಅದೇ ಬಲಗೈ ಹಿಡಿಯನ್ನೂ ತಿರುವಿ ಹಿಡಿದುಕೊಂಡಿತ್ತು. ಒಂದು ಕೈ ನಿಲ್ಲು ಎನ್ನುತ್ತಿತ್ತು, ಓಡು ಎನ್ನುತ್ತಿದ್ದುದೂ ಅದೇ ಕೈ. ಬೆರಳು ಬಿಡಿಸು, ಬೆರಳು ಬಿಡಿಸು ಎಂದು ತನಗೆ ತಾನೇ ಕೂಗಿಕೊಂಡಳು. ಬೆರಳು ಅವಳ ಮಾತು ಕೇಳಲಿಲ್ಲ. ಎಡಕ್ಕೆ ನೀರು, ಮುಂದೆ ಟ್ರ್ಯಾಕ್ಟರು, ಬೆನ್ನ ಹಿಂದೆ ಕುದಿಯುವ ಸಾಂಬಾರು. ಏರಿ ಮುಗಿಯುವಲ್ಲಿ ಬಲಕ್ಕೆ ಯಾರದೋ ತಿಪ್ಪೆ ಕಂಡಿತು. ಕೊಳೆತ ಹೊಗೆಸೊಪ್ಪಿನ ಕಡ್ಡಿ, ಸಗಣಿ, ಬೂದಿ. ಅತ್ತ ಹ್ಯಾಂಡಲು ತಿರುಗಿಸಿದಳು.

ಮುಂದಿನ ಗಾಲಿ ಅರ್ಧದವರೆಗೆ ತಿಪ್ಪೆಯಲ್ಲಿ ಹೂತು ನಿಂತಿತು. ಕ್ಯಾನಿನ ಮುಚ್ಚಳಕ್ಕೆ ಕಟ್ಟಿದ್ದ ಬಟ್ಟೆ ಸರಿದು ಸಾಂಬಾರು ಅವಳ ಬಲಗಾಲ ಮೀನಖಂಡದ ಮೇಲೆ ಸುರಿಯಿತು. ಕೂಗು ಹೊರಬಂದದ್ದು ಅವಳಿಗೇ ಕೇಳಿಸಲಿಲ್ಲ. ಕೇಳಿಸಿದ್ದು ಮೋಟಾರಿನ ಸದ್ದು. ಹೂತ ಸೈಕಲ್ಲಿನ ಹಿಂದಿನ ಗಾಲಿ ಇನ್ನೂ ಕೆಸರು ಎರಚುತ್ತಿತ್ತು. ಆಮೇಲಷ್ಟೇ ಬೆರಳು ಬಿಟ್ಟಿತು.

ಟ್ರ್ಯಾಕ್ಟರು ನಿಲ್ಲಿಸಿ ಇಳಿದು ಬಂದವನು ಚಿಕ್ಕಣ್ಣ, ಸುನಂದಮ್ಮನ ಗಂಡನೇ. "ಏನ್ ಶಾಂತಕ್ಕ ಇದು! ಬಸ್ಸಿಗೆ ಇಡ್ಲಿ ಕೊಡೋಕೆ ಹೋಗಿದ್ದಾ, ಬಸ್ಸನ್ನೇ ಹಿಂದಾಕೋಕೆ ಹೋಗಿದ್ದಾ?" ಎಂದವನು ಕಾಲು ನೋಡಿ ಅವಳ ತೋಳು ಹಿಡಿದ. ತೂಬಿನ ಕಾಲುವೆಯವರೆಗೆ ನಡೆಸಿಕೊಂಡು ಹೋಗಿ ನೀರಿನಲ್ಲಿ ಕಾಲಿಡಿಸಿದ. "ಮನೆಗೆ ಬುಡ್ಲಾ?"

ಶಾಂತಲಾ ಡಬರಿಯ ಮುಚ್ಚಳ ತೆಗೆದು ನೋಡಿದಳು. ಇಡ್ಲಿ ಬೆಚ್ಚಗೆ, ಬೆಳ್ಳಗೆ ಹಾಗೇ ಇತ್ತು. "ಇಲ್ಲ ಚಿಕ್ಕಣ್ಣ. ಬಸ್ಸಿನ ಹೊತ್ತಾಯ್ತು. ಗಾಡಿ ಎತ್ತಿಕೊಡು."

ಸೈಕಲ್ಲು ಎತ್ತುವಾಗ ಅವಳ ಕಣ್ಣು ಸೀಟಿನ ಕೆಳಕ್ಕೆ ಹೋಯಿತು. ಬಿಳಿ ತಂತಿಯ ಎರಡು ತುದಿಗಳು ಬೇರೆ ಬೇರೆಯಾಗಿ ನೇತಾಡುತ್ತಿದ್ದವು. ಬಿದ್ದ ಪೆಟ್ಟಿಗೆ ಬಿಟ್ಟುಕೊಂಡಿರಬಹುದೆ ಎಂದು ಒಂದು ಕ್ಷಣ ಅಂದುಕೊಂಡಳು. ಆಗ ಕಂಡಿತು: ಒಂದೊಂದು ತುದಿಗೂ ಕಪ್ಪು ಟೇಪು ಸುತ್ತಿದೆ, ನೀಟಾಗಿ, ಮಾದೇಶನ ಕೈಯ ಸುತ್ತು. ಉರಿಯುತ್ತಿದ್ದ ಕಾಲಿಗಿಂತ ಆ ಟೇಪಿನ ಅಚ್ಚುಕಟ್ಟು ಅವಳನ್ನು ಹೆಚ್ಚು ಸುಟ್ಟಿತು. ತಂತಿಯನ್ನು ಮುಟ್ಟದೆ ಹಾಗೇ ಬಿಟ್ಟಳು.

ಅರಳಿಮರದ ಕೆಳಗೆ ಅವತ್ತು ಬರೀ ಚಟ್ನಿ. ಕಂಡಕ್ಟರ್ ಕಂಠಪ್ಪ ಎರಡನೇ ತಟ್ಟೆಗೆ ಕೈ ಚಾಚುತ್ತ, "ಏನಕ್ಕ, ಸಾಂಬಾರಿಗೆ ರಜಾನಾ?" ಎಂದ. ಅವಳು ಬೆಂಚಿನ ಅಂಚು ಹಿಡಿದುಕೊಂಡು ನಿಂತದ್ದನ್ನು ನೋಡಿ, ತಿಂದ ತಟ್ಟೆಯನ್ನು ತಾನೇ ತೊಳೆದಿಟ್ಟ. ಕೊನೇ ಬಸ್ಸು ಹೋಗುವವರೆಗೂ ಅವಳು ಕೂರಲಿಲ್ಲ. ಕೂತರೆ ಏಳಲಾರೆನೆಂದು ಗೊತ್ತಿತ್ತು.

ಹಿಂದಿರುಗುವಾಗ ಹಿಡಿಯನ್ನು ಉಗುರಿನಷ್ಟೇ ತಿರುವಿದಳು. ಆಮೇಲೆ ಯಾಕೋ ಹಟ ಬಂದಿತು. ಒಂಬತ್ತು ಆಗಲೇ ದಾಟಿತ್ತು. ಚಪ್ಪರದಲ್ಲಿ ಅತ್ತೆ ರಸ್ತೆ ನೋಡುತ್ತಿರುತ್ತಾರೆ. ಖಾಲಿ ಪಾತ್ರೆ ತಾನೆ, ನೋಡೋಣ ಎಂದು ಮಟ್ಟಸ ರಸ್ತೆಯಲ್ಲೂ ಏರಿಯ ಮೇಲೂ ಹಲ್ಲು ಕಚ್ಚಿ ಓಡಿಸಿದಳು. ಏರಿ ಮುಗಿದು ದಿಣ್ಣೆಯ ಏರು ಶುರುವಾದದ್ದೇ ಗಾಡಿ ಏದುಸಿರು ಬಿಟ್ಟಿತು. ಬೆಳಿಗ್ಗೆಯೂ ಈಗಲೂ ಜೋರು ಓಡಿ ಬ್ಯಾಟರಿ ಬತ್ತಿತ್ತು. ಅರ್ಧ ಏರಿನಲ್ಲಿ ಮೋಟಾರು ಒಮ್ಮೆ ನರಳಿ ನಿಂತೇಹೋಯಿತು. ಇಳಿದು, ಸುಟ್ಟ ಕಾಲನ್ನು ಎಳೆಯುತ್ತ, ಬ್ಯಾಟರಿಯ ಭಾರದ ಸೈಕಲ್ಲನ್ನು ತಳ್ಳುವಾಗ ಅವಳಿಗೆ ಒಂದು ವಿಷಯ ಹೊಳೆಯಿತು. ಹೊಳೆದದ್ದೇ ನಗು ಬಂದಿತು, ಅಳುವಿನ ಅಂಚಿನ ನಗು. ಈ ಏರಿನಲ್ಲಿ ಗಾಡಿ ಎಂದೂ ಹದಿನೈದರ ಮೇಲೆ ಹೋಗಿದ್ದೇ ಇಲ್ಲ. ಇಪ್ಪತ್ತೈದನ್ನು ಮುಟ್ಟದ ಮೋಟಾರನ್ನು ಇಪ್ಪತ್ತೈದರ ಮೂಗುದಾರ ಹಿಡಿದಿಟ್ಟಿದ್ದಾದರೂ ಎಲ್ಲಿ? ಮಟ್ಟಸದಲ್ಲಿ ಉಳಿದ ನಾಲ್ಕು ನಿಮಿಷವನ್ನು ಬತ್ತಿದ ಬ್ಯಾಟರಿ ಏರಿನಲ್ಲಿ ನುಂಗಿಹಾಕಿತ್ತು. ಬೇಗ ಬರಬೇಕಾಗಿದ್ದದ್ದು ಬರುವ ದಾರಿಯಲ್ಲಿ. ತಂತಿ ಬಿಚ್ಚಿದ್ದರಿಂದ ಜೋರಾದದ್ದು ಹೋಗುವ ದಾರಿ, ಕುದಿಯುವ ಸಾಂಬಾರು ಹೊತ್ತ ದಾರಿ. ಮೋಟಾರು ಬಲ್ಲ ಗಂಡನಿಗೆ ಇದು ಯಾಕೆ ಹೊಳೆಯಲಿಲ್ಲ? ಅವನು ಬೈಕಿನಲ್ಲಿ ಓಡಾಡುವವನು. ಈ ಏರನ್ನು ಏರು ಎಂದು ಅವನು ಯಾವತ್ತೂ ಕಂಡಿರಲಿಲ್ಲ.

ಚಪ್ಪರ ಮುಟ್ಟುವ ಹೊತ್ತಿಗೆ ಹತ್ತಾಗಿತ್ತು. ಹೆಂಗಸರು ಸಾಲಾಗಿ ಕೂತು ಸೊಪ್ಪು ಪೋಣಿಸುತ್ತಿದ್ದರು. ಚಿಕ್ಕಣ್ಣನಿಂದ ಸುದ್ದಿ ಮೊದಲೇ ತಲುಪಿತ್ತು. ಮೂಲೆಯಲ್ಲಿದ್ದ ಪುಟ್ಟತಾಯಮ್ಮ, "ಬಂದ್ಲು ನೋಡ್ರವ್ವ ರಾಕೆಟ್ಟು," ಎಂದಳು. ನಕ್ಕವರು ಅವಳ ಕಾಲು ನೋಡಿ ನಗು ನುಂಗಿಕೊಂಡರು. ಅವಳಿಗೆಂದು ಖಾಲಿ ಬಿಟ್ಟ ಜಾಗದಲ್ಲಿ ಮಾಯಮ್ಮ ತಾವೇ ಕೂತಿದ್ದರು, ನೋಯುವ ಕಾಲನ್ನು ಮುಂದಕ್ಕೆ ಚಾಚಿಕೊಂಡು.

"ಮುಯ್ಯಿ ಮಾತು ಮಣ್ಣಾಯ್ತು," ಎಂದರು ಮಾಯಮ್ಮ, ಕೈಯ ಕಡ್ಡಿಯಿಂದ ಕಣ್ಣೆತ್ತದೆ. "ಇಡ್ಲಿ ಇವತ್ತಿಗೆ ಮುಗೀತು ತಿಳ್ಕೊ. ನಾಳೆಯಿಂದ ಒಂಬತ್ತಕ್ಕೆ ಇಲ್ಲಿ."

ಶಾಂತಲಾ ಅತ್ತೆಯ ಕೈಯಿಂದ ಕಡ್ಡಿ ತೆಗೆದುಕೊಂಡು ಕೂತಳು. ಸುನಂದಮ್ಮ ಲೋಳೆಸರ ಮುರಿದು ತಂದು ಕಾಲಿಗೆ ಹಚ್ಚಿದಳು. ಶಾಂತಲಾ ಸಂಜೆಯವರೆಗೂ ಪೋಣಿಸಿದಳು.

ಮನೆಗೆ ಬಂದ ಮಾದೇಶ ಹೆಂಡತಿಯ ಕಾಲು ನೋಡಿ ಬೆಚ್ಚಿಬಿದ್ದ. "ನಿಂಗೆ ಹೆದರಿಕೆ ಆಗ್ತದೆ ಅಂತ ಹೇಳ್ಲಿಲ್ಲ ಕಣೆ..."

"ಹೆದರಿಕೆ ಆಗಲಿಲ್ಲ ಅಂತೀರಾ?"

"ನಾಳೆ ಬೆಳಿಗ್ಗೆನೇ ಸೇರಿಸ್ಬುಡ್ತೀನಿ."

"ಬೇಡ. ಹಂಗೇ ಇರ್ಲಿ. ನಾಳೆ ಅತ್ತೆ ಮಾತಿನಂತೆ ಒಂಬತ್ತಕ್ಕೆ ನಾನು ಚಪ್ಪರದಲ್ಲಿ ಕೂತ್ಕೊತೀನಿ. ನೀವು ಇಡ್ಲಿ ತಕ್ಕೊಂಡು ಹೋಗಿ. ಬೈಕಲ್ಲಲ್ಲ, ಇದೇ ಗಾಡಿಲಿ. ನೀವು ಬಿಚ್ಚಿದ ಗಾಡಿಲೇ."

"ನಾನಾ? ಇಡ್ಲಿ ಬಡಿಸೋದಾ?" ಅವನು ನಗಲು ನೋಡಿದ. ಅವಳು ನಗಲಿಲ್ಲ.

"ಬೇಯಿಸಿ, ರುಬ್ಬಿ, ತುಂಬಿ, ಕಟ್ಟಿ ಕೊಡ್ತೀನಿ. ನೀವು ಹೋಗಿ ಬಂದ್ರೆ ಸಾಕು. ಒಂಬತ್ತಕ್ಕೆ ದಿಣ್ಣೆ ಹತ್ತಿ ತೋರ್ಸಿ. ತೋರಿಸಿದ್ರೆ ಇಡ್ಲಿ ಬುಟ್ಬುಡ್ತೀನಿ, ಆಣೆ."

ಜಗುಲಿಯಿಂದ ಮಾಯಮ್ಮ, "ಹೋಗ್ಲಾ, ಅದೇನು ಮಹಾ," ಎಂದರು. ಪಂದ್ಯ ಕಟ್ಟಿಯಾಗಿತ್ತು.

ಆ ರಾತ್ರಿ ಶಾಂತಲಾಳಿಗೆ ನಿದ್ದೆ ಹತ್ತಲಿಲ್ಲ. ಕಾಲಿನ ಉರಿ ಒಂದು ಕಡೆ. ಅವನು ನಿಜವಾಗಿಯೂ ಒಂಬತ್ತಕ್ಕೆ ಬಂದುಬಿಟ್ಟರೆ ಎಂಬ ಭಯ ಇನ್ನೊಂದು ಕಡೆ. ಅವನಿಗೆ ಗಂಡಸಿನ ತೊಡೆ, ತುಳಿಯುವ ಶಕ್ತಿ. ತನ್ನ ಲೆಕ್ಕ ತಪ್ಪಿದರೆ ಅರಳಿಮರ ಹೋಯಿತು. ಬೆಳಿಗ್ಗೆ ಸಾಂಬಾರಿನ ಕ್ಯಾನಿಗೆ ಎರಡು ಸುತ್ತು ಬಟ್ಟೆ ಬಿಗಿದು, "ಏರಿ ಮೇಲೆ ನಿಧಾನ," ಎಂದಷ್ಟೇ ಹೇಳಿದಳು. ಅಷ್ಟು ಹೇಳದೆ ಇರಲು ಅವಳಿಂದ ಆಗಲಿಲ್ಲ.

ಚಪ್ಪರದಲ್ಲಿ ಒಂಬತ್ತಕ್ಕೆ ಕೂತಳು. ಪಕ್ಕದಲ್ಲಿ ಮಾಯಮ್ಮ. ಎಲ್ಲರ ಕೈ ಸೊಪ್ಪಿನ ಮೇಲೆ, ಎಲ್ಲರ ಕಣ್ಣು ರಸ್ತೆಯ ಮೇಲೆ. ಸುನಂದಮ್ಮನ ನಡುಮನೆಯ ಗಡಿಯಾರ ಒಂಬತ್ತು ಹೊಡೆಯಿತು. ರಸ್ತೆ ಖಾಲಿ. ಹಾಲಿನ ವ್ಯಾನು ಹೋಯಿತು. ದೂರದಲ್ಲಿ ಏನೋ ಮಿನುಗಿದಾಗ ಶಾಂತಲಾಳ ಬೆರಳು ತಪ್ಪಿ ಸೊಪ್ಪು ಹರಿಯಿತು. ಅದು ಯಾರದೋ ಸ್ಕೂಟರು. ಒಂಬತ್ತೂವರೆ. ಮಾಯಮ್ಮನ ಬಾಯಲ್ಲಿ ಎಲೆಅಡಿಕೆ ಜಗಿಯುವುದೂ ನಿಧಾನವಾಯಿತು.

"ಬಿದ್ದುಗಿದ್ದನಾ ಏನೋ," ಎಂದರು ಮೆಲ್ಲಗೆ.

ನಿನ್ನೆ ಆ ಮಾತು ತನ್ನ ಬಗ್ಗೆ ಬಂದಿತ್ತೇ ಎಂದು ಶಾಂತಲಾ ಕೇಳಲಿಲ್ಲ. ಗೆಲ್ಲಬೇಕು, ಅವನು ಬೀಳಲೂಬಾರದು.

ಹತ್ತು ಹೊಡೆದ ಮೇಲೆ ದಿಣ್ಣೆಯ ಅಂಚಿನಲ್ಲಿ ಮೊದಲು ಇಡ್ಲಿಯ ಡಬರಿ ಕಂಡಿತು, ಆಮೇಲೆ ಹ್ಯಾಂಡಲಿಗೆ ಎದೆ ಕೊಟ್ಟು ತಳ್ಳುತ್ತಿದ್ದ ಮಾದೇಶ. ಅಂಗಿ ಬೆನ್ನಿಗೆ ಅಂಟಿತ್ತು, ಪ್ಯಾಂಟಿನ ಮೇಲೆ ಸಾಂಬಾರಿನ ಕಲೆ. ಚಪ್ಪರದ ಮುಂದೆ ಸೈಕಲ್ ನಿಲ್ಲಿಸಿ ಮೊದಲು ನೀರು ಕೇಳಿದ.

"ಏನ್ ಮಾದೇಶ, ಇಡ್ಲಿ ಎಂಗಿತ್ತಪ್ಪ?" ಪುಟ್ಟತಾಯಮ್ಮ ಕೇಳಿದಳು.

"ಇಡ್ಲಿ ಇರ್ಲಿ ಬುಡಕ್ಕ. ಈ ಏರು..." ಅವನು ಹಿಂದಿರುಗಿ ರಸ್ತೆ ನೋಡಿದ, ಯಾರೋ ರಾತ್ರೋರಾತ್ರಿ ಅದನ್ನು ಅಲ್ಲಿ ತಂದಿಟ್ಟಿದ್ದಾರೆ ಎಂಬಂತೆ. "ಏರಲ್ಲಿ ಮೂಗುದಾರಕ್ಕೆ ಕೆಲ್ಸನೇ ಇಲ್ಲ. ಇಪ್ಪತ್ತೈದು ಎಲ್ಲಿ ಮುಟ್ತದೆ? ಬಿಚ್ಚಿ ಏನುಪಯೋಗ! ಬ್ಯಾಟ್ರಿನೂ ಕುಡ್ದಾಕ್ಬುಡ್ತದೆ."

ಶಾಂತಲಾ ಕೈಯ ಕಡ್ಡಿ ಕೆಳಗಿಟ್ಟಳು. ಅತ್ತೆಯ ಎದುರು, ಅಷ್ಟು ಜನರ ನಡುವೆ, ಆ ಮನೆಯ ಸೊಸೆಯೊಬ್ಬಳು ಮುಯ್ಯಿಯ ಮಾತು ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಅವಳು ಮಾತಾಡಿದ್ದು ಸುನಂದಮ್ಮನನ್ನು ನೋಡಿ.

"ಸುನಂದಕ್ಕ, ಮುಯ್ಯಿ ತೀರಿಸೋಳು ನಾನು, ಮಾತೂ ನಾನೇ ಕೊಡ್ತೀನಿ. ಹತ್ತಕ್ಕೆ ಬತ್ತೀನಿ. ನೀವೆಲ್ಲ ಎದ್ದ ಮೇಲೂ ಒಂದು ಗಂಟೆ ಕೂತು ಪೋಣಿಸಿಕೊಟ್ಟು ಏಳ್ತೀನಿ. ಒಪ್ಪೋದಾದ್ರೆ ಹೇಳು. ಒಂಬತ್ತಕ್ಕೇ ಬೇಕು ಅಂದ್ರೆ ನಮ್ಮನೆಯಿಂದ ಇನ್ನೊಂದು ಆಳು ಅವ್ರೆ. ಅಗೋ ನಿಂತವ್ರೆ. ಅವ್ರಿಗೂ ಎರಡು ಕೈ ಅವೆ."

ಮಾದೇಶನ ಕೈಯ ಚೊಂಬು ಅಲ್ಲೇ ನಿಂತಿತು. ಗಂಡಸು ಮುಯ್ಯಾಳಾಗಿ ಸೊಪ್ಪು ಪೋಣಿಸಲು ಕೂರುವುದೆ? ಸುನಂದಮ್ಮ ಮಾಯಮ್ಮನ ಮುಖ ನೋಡಿದಳು. ಎಲ್ಲರೂ ನೋಡಿದರು.

ಮಾಯಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಉಗಿದು ಬಂದು ಕೂತರು. ಹಿಂದಿನ ದಿನ ಬೆಳಿಗ್ಗೆ ಒಂದು ಗಂಟೆ ಆ ಜಾಗದಲ್ಲಿ ಕೂತದ್ದಕ್ಕೆ ಅವರ ಮೊಣಕಾಲು ರಾತ್ರಿಯೆಲ್ಲ ಮಲಗಗೊಟ್ಟಿರಲಿಲ್ಲ. ಹದಿನಾರನೇ ವಯಸ್ಸಿಗೆ ಸೊಸೆಯಾಗಿ ಬಂದಾಗಿನಿಂದ ಯಾರು ಯಾರೋ ಕೊಟ್ಟ ಮಾತಿಗೆ ಹೋಗಿ ಕೂತದ್ದು ಆ ಮೊಣಕಾಲೇ.

"ಹತ್ತು," ಎಂದರು ಕೊನೆಗೆ, ಸುನಂದಮ್ಮನಿಗೆ. "ಅವಳು ಬರೋಗಂಟ ನನ್ನ ಕೇಳ್ಬೇಡ, ನನ್ ಕೈಲಾಗಾಕಿಲ್ಲ." ಆಮೇಲೆ ಸೊಸೆಯ ಕಡೆ ತಿರುಗಿ, "ಹತ್ತೂ ಕಾಲು ಆದ್ರೆ ನೋಡು ಮತ್ತೆ," ಎಂದರು. ಸೋತದ್ದನ್ನು ಮಾಯಮ್ಮ ಹಾಗೇ ಹೇಳುತ್ತಿದ್ದರು.

"ಸಗಣಿ?" ಎಂದಳು ಶಾಂತಲಾ. ಬಾಯಿ ತೆರೆದದ್ದಾಗಿತ್ತು, ಅರ್ಧಕ್ಕೆ ಮುಚ್ಚುವುದು ಯಾಕೆ?

ಮಾಯಮ್ಮ ಮಗನನ್ನು ನೋಡಿದರು. ಮಾದೇಶ ನೀರು ಕುಡಿಯತೊಡಗಿದ, ಚೊಂಬು ಖಾಲಿಯಾದ ಮೇಲೂ ಕುಡಿಯುತ್ತಲೇ ಇದ್ದ.

"ಬಾಚ್ತಾನೆ ಬುಡು," ಎಂದಳು ಪುಟ್ಟತಾಯಮ್ಮ. ಆಗ ಚಪ್ಪರ ನಕ್ಕಿತು.

ಸಂಜೆ ಮಾದೇಶ ತಂತಿ ಸೇರಿಸಲು ಕೂತಾಗ ಶಾಂತಲಾ ಅವನನ್ನು ಸರಿಸಿದಳು. ಉಗುರಿನಿಂದ ಟೇಪು ಬಿಡಿಸಿ, ಎರಡು ತುದಿಗಳನ್ನು ಎದುರುಬದುರು ಹಿಡಿದು ಒತ್ತಿದಳು. ಟಿಕ್ ಎಂದು ಕೂತಿತು. ಅಷ್ಟೇ ಕೆಲಸ. ಬ್ರೇಕು ಒತ್ತಿದ ಕೂಡಲೇ ಮೋಟಾರು ನಿಲ್ಲಿಸುವ ಇನ್ನೊಂದು ಜೋಡಿ ತಂತಿಯೂ ಆ ಡಬ್ಬಿಯಲ್ಲಿ ಇತ್ತೆಂದು, ಅದಕ್ಕೆ ಬೇಕಾದ ಬ್ರೇಕಿನ ಹಿಡಿ ತರದೆ ಬಿಟ್ಟಿದ್ದನೆಂದು ಮಾದೇಶ ಆಗ ಬಾಯಿಬಿಟ್ಟ. ಮುಂದಿನ ವಾರ ಮೈಸೂರಿಗೆ ಹೋಗಿ ತಂದು ಹಾಕಿದ.

ಕೊಟ್ಟಿಗೆಯ ಸಗಣಿಯನ್ನು ಅವನು ವಾರಕ್ಕೆ ನಾಲ್ಕು ದಿನ ಬಾಚಿದ, ಉಳಿದ ದಿನ ಮರೆತ. ಮರೆತ ದಿನ ಅದು ಹಾಗೇ ಬಿದ್ದಿರುತ್ತಿತ್ತು. ಶಾಂತಲಾ ನೋಡಿಕೊಂಡೇ ಸೈಕಲ್ ಹತ್ತಿ ಹೊರಡುತ್ತಿದ್ದಳು, ಮಾಯಮ್ಮ ಮಗನನ್ನು ಬೈಯುವುದು ಬೀದಿಯ ತುದಿಯವರೆಗೂ ಕೇಳಿಸುತ್ತಿತ್ತು. ಕಾಲಿನ ಗಾಯ ಮಾಗಿ, ಮೀನಖಂಡದ ಮೇಲೆ ರಾಗಿರೊಟ್ಟಿಯ ಬಣ್ಣದ ಒಂದು ಕಲೆ ಉಳಿಯಿತು.

ಕೈಯ ಸೋಮಾರಿತನ ಮಾತ್ರ ಹೋಯಿತು. ಮುಂದೆ ಆ ಗಾಡಿಯನ್ನು ಎಷ್ಟು ದಿನ ಓಡಿಸಿದಳೋ ಅಷ್ಟು ದಿನವೂ, ಹೊರಡುವ ಮೊದಲು ಸೀಟಿನ ಕೆಳಗೆ ಬೆರಳು ತೂರಿಸಿ ಬಿಳಿ ತಂತಿ ಸೇರಿದೆಯೇ ಎಂದು ಮುಟ್ಟಿ ನೋಡಿದಳು. ಕೆರೆ ಏರಿಯ ಮೇಲೆ ಹಿಡಿಯನ್ನು ಪೂರ್ತಿ ತಿರುವುತ್ತಿದ್ದಳು ನಿಜ. ಆದರೆ ಮೋಟಾರಿನ ಸದ್ದು ತಗ್ಗುವವರೆಗೂ ಅವಳ ಬೆನ್ನು ಸಡಿಲವಾಗುತ್ತಿರಲಿಲ್ಲ.